ಸ್ಟೇನ್‌ಲೆಸ್ ಸ್ಟೀಲ್‌ಗೂ ತುಕ್ಕು ಯಾಕೆ? ಪಿಕ್ಲಿಂಗ್, ಪ್ಯಾಸಿವೇಶನ್ ಸರಿಯಾಗಿ ಮಾಡುವ ಬಗೆ

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಟ್ಯಾಂಕ್ ವಾಪಸ್ ಬಂದಿತ್ತು. ಹೊಸದು, 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನದು. ವೆಲ್ಡಿಂಗ್ ಚೆನ್ನಾಗಿತ್ತು, ಪಾಲಿಶ್ ಎಷ್ಟಿತ್ತೆಂದರೆ ಮುಖ ಕಾಣುತ್ತಿತ್ತು. ಆದರೆ ಮೂರು ವಾರ ಮಳೆಯಲ್ಲಿ ನಿಂತಿದ್ದಕ್ಕೇ ಮೈತುಂಬ ಕಂದು ಚುಕ್ಕೆ. ಮಾಲೇ ಖೋಟಾ ಇರಬೇಕು ಅಂತ ಎಲ್ಲರೂ ಅಂದುಕೊಂಡೆವು. ಹಿರಿಯ ಮೇಸ್ತ್ರಿಯೊಬ್ಬರು ಮಾತ್ರ ಟಾರ್ಚ್ ಹಿಡಿದು ತೀರಾ ಹತ್ತಿರ ಹೋಗಿ ನೋಡಿದರು. ಚುಕ್ಕೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಓರೆಯಾಗಿ, ಒಂದೇ ಅಂತರದಲ್ಲಿ, ಒಂದರ ಹಿಂದೊಂದು ಸಾಲಾಗಿದ್ದವು. ಟ್ಯಾಂಕ್ ಎತ್ತಿದಾಗ ಕಬ್ಬಿಣದ ಸರಪಳಿ ಉಜ್ಜಿದ ಜಾಡು ಅದು. ಪ್ರತಿ ಕೊಂಡಿಯೂ ಚಿಟಿಕೆಯಷ್ಟು ಕಬ್ಬಿಣ ಬಿಟ್ಟು ಹೋಗಿತ್ತು. ತುಕ್ಕು ಹಿಡಿದದ್ದು ಟ್ಯಾಂಕಿಗಲ್ಲ, ಅದಕ್ಕೆ ಅಂಟಿದ್ದ ಕಬ್ಬಿಣಕ್ಕೆ.

ಪಿಕ್ಲಿಂಗ್, ಪ್ಯಾಸಿವೇಶನ್ ಅಂದರೆ ಸ್ಟೀಲಿನ ಮೇಲೆ ಏನೋ ಲೇಪ ಕೊಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಎರಡೂ ಆಸಿಡ್‌ನಿಂದ ಮೈ ಶುದ್ಧ ಮಾಡುವ ಕೆಲಸ. ಆಸಿಡ್ ಏನನ್ನೂ ಹಚ್ಚುವುದಿಲ್ಲ, ಇರಬಾರದ್ದನ್ನು ತೆಗೆಯುತ್ತದೆ ಅಷ್ಟೆ. ಆಮೇಲೆ ಸ್ಟೀಲ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಪ್ರತಿ ಹಂತ ಯಾಕೆ ಬೇಕು ಅಂತ ತಾನಾಗಿ ಅರ್ಥವಾಗುತ್ತದೆ.

ಕಣ್ಣಿಗೆ ಕಾಣದ ಪದರ

ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಸ್ಟೀಲಿನಲ್ಲಿ ಕಡಿಮೆಯೆಂದರೂ ಶೇ. 10.5 ಕ್ರೋಮಿಯಂ ಇರಬೇಕು. ನಾವು ಹೆಚ್ಚು ಬಳಸುವ 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆ ಶೇ. 2ರಿಂದ 3 ಮಾಲಿಬ್ಡಿನಂ ಸೇರುತ್ತದೆ. ಉಪ್ಪಿನ ಅಂಶ ಇರುವ ಕಡೆ 316 ಜಾಸ್ತಿ ತಾಳುವುದು ಇದರಿಂದಲೇ.

ಈ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಸ್ಟೀಲಿನ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಕಟ್ಟುತ್ತದೆ. ಎಷ್ಟು ತೆಳ್ಳಗೆ? 2ರಿಂದ 3 ನ್ಯಾನೋಮೀಟರ್. ಒಂದು ಹಾಳೆ ಕಾಗದದ ದಪ್ಪವನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟೂ ಇಲ್ಲ. ಗೀರು ಬಿದ್ದರೆ ಆ ಜಾಗದಲ್ಲಿ ಮತ್ತೆ ತಾನಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಎರಡೇ: ಶುದ್ಧವಾದ ಮೈ ಮತ್ತು ಆಮ್ಲಜನಕ.

ಮೈ ಶುದ್ಧವಾಗಿಲ್ಲದಿದ್ದರೆ ಪದರ ಸರಿಯಾಗಿ ಕೂಡುವುದಿಲ್ಲ. ಕೆಡಿಸುವವು ಮುಖ್ಯವಾಗಿ ಎರಡು.

ಮೊದಲನೆಯದು ಅಂಟಿದ ಕಬ್ಬಿಣ. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ಉಜ್ಜಿದ ಗ್ರೈಂಡಿಂಗ್ ಡಿಸ್ಕನ್ನೇ ಸ್ಟೇನ್‌ಲೆಸ್‌ಗೂ ಬಳಸುವುದು, ಮಾಮೂಲಿ ವೈರ್ ಬ್ರಷ್, ಕಬ್ಬಿಣದ ಟೇಬಲ್ ಮೇಲೆ ಶೀಟ್ ಎಳೆಯುವುದು, ಪಕ್ಕದಲ್ಲಿ ಯಾರೋ ಎಂಎಸ್ ಗ್ರೈಂಡ್ ಮಾಡುವಾಗ ಹಾರಿ ಬರುವ ಕಿಡಿ, ಸರಪಳಿ, ಫೋರ್ಕ್‌ಲಿಫ್ಟಿನ ಕೈ, ಹೀಗೆ ಎಲ್ಲಿಂದಲಾದರೂ ಬರಬಹುದು.

ಎರಡನೆಯದು ವೆಲ್ಡಿಂಗ್ ಬಣ್ಣ. ಬೆಸುಗೆಯ ಎರಡೂ ಬದಿ ಹುಲ್ಲಿನ ಹಳದಿ, ಚಿನ್ನದ ಬಣ್ಣ, ನೇರಳೆ, ನೀಲಿ, ಕೊನೆಗೆ ಬೂದುಗಪ್ಪು ಪಟ್ಟಿ ಮೂಡುತ್ತದಲ್ಲ, ಅದು. ನೋಡಲು ಚೆಂದ ಕಾಣುತ್ತದೆ, ಹಾಗಂತ ಬಿಡಬೇಡಿ. ಬಿಸಿಗೆ ಅಲ್ಲಿ ದಪ್ಪ ಆಕ್ಸೈಡ್ ಬೆಳೆದಿರುತ್ತದೆ. ಆ ಆಕ್ಸೈಡ್‌ಗೆ ಬೇಕಾದ ಕ್ರೋಮಿಯಂ ಕೆಳಗಿನ ಸ್ಟೀಲಿನಿಂದಲೇ ಹೋಗಿರುತ್ತದೆ. ಅಂದರೆ ಬಣ್ಣದ ಅಡಿಯಲ್ಲಿ ಕ್ರೋಮಿಯಂ ಬಡವಾದ ತೆಳು ಪದರವೊಂದು ಉಳಿಯುತ್ತದೆ. ತುಕ್ಕು ಮೊದಲು ಕಚ್ಚುವುದು ಅಲ್ಲೇ. ಬಣ್ಣವನ್ನೂ ತೆಗೆಯಬೇಕು, ಅದರ ಅಡಿಯ ಆ ಬಡ ಪದರವನ್ನೂ ತೆಗೆಯಬೇಕು.

ಪಿಕ್ಲಿಂಗ್ ಬೇರೆ, ಪ್ಯಾಸಿವೇಶನ್ ಬೇರೆ

ಪಿಕ್ಲಿಂಗ್ ಲೋಹವನ್ನೇ ತಿನ್ನುತ್ತದೆ. ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಸಿಡ್‌ಗಳ ಮಿಶ್ರಣ ಮೇಲಿನ ಕೆಲವು ಮೈಕ್ರಾನ್ ಸ್ಟೀಲನ್ನು ಕರಗಿಸಿ, ವೆಲ್ಡಿಂಗ್ ಬಣ್ಣ, ಸ್ಕೇಲ್ (ಬಿಸಿಗೆ ಕಟ್ಟಿದ ದಪ್ಪ ಆಕ್ಸೈಡ್ ಹೊಪ್ಪಳೆ), ಬಡ ಪದರ ಎಲ್ಲವನ್ನೂ ಜೊತೆಗೆ ಒಯ್ಯುತ್ತದೆ. ಮೈ ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ.

ಪ್ಯಾಸಿವೇಶನ್ ಸ್ಟೀಲನ್ನು ಮುಟ್ಟುವುದಿಲ್ಲ. ನೈಟ್ರಿಕ್ ಅಥವಾ ಸಿಟ್ರಿಕ್ ಆಸಿಡ್ ಮೇಲೆ ಅಂಟಿದ ಕಬ್ಬಿಣವನ್ನಷ್ಟೇ ಕರಗಿಸುತ್ತದೆ. ಹೊಳಪು ಹಾಗೇ ಉಳಿಯುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ವೆಲ್ಡಿಂಗ್ ಬಣ್ಣ ಇರುವ ವಸ್ತುವನ್ನು ಸೀದಾ ಸಿಟ್ರಿಕ್ ತೊಟ್ಟಿಗೆ ಹಾಕಿ, ಪ್ಯಾಸಿವೇಶನ್ ಆಯ್ತು ಅನ್ನುವುದು. ಆಗಿರುವುದಿಲ್ಲ. ಸಿಟ್ರಿಕ್ ಆಸಿಡ್ ನೀಲಿ ಪಟ್ಟಿಯನ್ನು ತೆಗೆಯಲಾರದು. ಬಣ್ಣ ಇದೆ ಅಂದರೆ ಮೊದಲು ಪಿಕ್ಲಿಂಗ್ ಆಗಬೇಕು. ಇಲ್ಲವೇ ನುಣ್ಣಗೆ ಗ್ರೈಂಡ್ ಮಾಡಿ ತೆಗೆಯಬೇಕು. ಫಾಸ್ಫರಿಕ್ ಆಸಿಡ್ ಮತ್ತು ಕರೆಂಟ್ ಬಳಸಿ ಬ್ರಷ್ಷಿನಿಂದ ಉಜ್ಜುವ ವೆಲ್ಡ್ ಕ್ಲೀನಿಂಗ್ ಮೆಷಿನ್ ಕೂಡ ಆಗುತ್ತದೆ. ಆಮೇಲೆ ಪ್ಯಾಸಿವೇಶನ್. ಬರೀ ಮೆಷಿನ್ ಮಾಡಿದ, ಕೊರೆದ, ತಿರುಗಣೆಯಲ್ಲಿ ಕಡೆದ ಬಿಡಿ ಭಾಗಗಳಿಗೆ ಪ್ಯಾಸಿವೇಶನ್ ಒಂದೇ ಸಾಕು.

ಆಸಿಡ್ ಮುಟ್ಟುವ ಮುಂಚೆ

ದಯವಿಟ್ಟು ಈ ಭಾಗ ಹಾರಿಸಬೇಡಿ.

ಪಿಕ್ಲಿಂಗ್ ಪೇಸ್ಟಿನಲ್ಲಿರುವ ಹೈಡ್ರೋಫ್ಲೋರಿಕ್ ಆಸಿಡ್ ಬೇರೆ ಆಸಿಡ್‌ಗಳ ಹಾಗಲ್ಲ. ಬೇರೆಯವು ಚರ್ಮ ಸುಟ್ಟಾಗ ಕೂಡಲೇ ಗೊತ್ತಾಗುತ್ತದೆ. ಇದು ತೆಳು ದ್ರಾವಣವಾಗಿದ್ದರೆ ಮುಟ್ಟಿದ ಹೊತ್ತಿಗೆ ನೋವೇ ಇರುವುದಿಲ್ಲ. ಎಷ್ಟೋ ಗಂಟೆ ಕಳೆದು, ಒಮ್ಮೊಮ್ಮೆ ಮಾರನೇ ದಿನ, ಸಹಿಸಲಾಗದ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗೆ ಇಳಿದು, ಮೈಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಹಾಕಿರುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪಬಹುದು. ಜೀವಕ್ಕೇ ಅಪಾಯ.

ಹಾಗಾಗಿ ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಸಿಡ್ ತಂದು ನೀವೇ ಬೆರೆಸಲು ಹೋಗಬೇಡಿ. ತಯಾರಾದ ಪೇಸ್ಟ್ ಬಳಸಿ, ಅದನ್ನೂ ತರಬೇತಿ ಪಡೆದವರೇ ಬಳಸಲಿ. ಮನೆಯಲ್ಲಿ, ಗ್ಯಾರೇಜಿನಲ್ಲಿ ಒಬ್ಬರೇ ಮಾಡುವ ಕೆಲಸವಲ್ಲ ಇದು. ಪೇಸ್ಟ್ ಡಬ್ಬಿ ತೆರೆಯುವ ಮುಂಚೆಯೇ ಶೇ. 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವ ಹಾಗೆ ಇರಬೇಕು. ಅದರ ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ. ಜೆಲ್ ಇಲ್ಲ ಅಂದರೆ ಅವತ್ತು ಪಿಕ್ಲಿಂಗ್ ಇಲ್ಲ.

ಮೈಗೆ ತಾಗಿತು ಅನ್ನಿಸಿದರೆ, ನೋವಿಲ್ಲದಿದ್ದರೂ, ಬಟ್ಟೆ ಬಿಚ್ಚುತ್ತಲೇ ಹರಿಯುವ ನೀರಿಗೆ ಒಡ್ಡಿ. ಚೆನ್ನಾಗಿ ತೊಳೆದು ಜೆಲ್ ಹಚ್ಚಿ ತಿಕ್ಕುತ್ತಲೇ ಇರಿ. ಜೆಲ್ ಹಚ್ಚುವವರ ಕೈಗೂ ಗ್ಲೌಸ್ ಇರಲಿ. ಹಚ್ಚಿಕೊಳ್ಳುತ್ತಲೇ ಆಸ್ಪತ್ರೆಗೆ ಹೊರಡಿ. ಅಲ್ಲಿ "ಆಸಿಡ್ ಬಿತ್ತು" ಅಂದರೆ ಸಾಲದು, "ಹೈಡ್ರೋಫ್ಲೋರಿಕ್ ಆಸಿಡ್" ಅಂತಲೇ ಹೇಳಿ. ಚಿಕಿತ್ಸೆಯೇ ಬೇರೆ. ಕಣ್ಣಿಗೆ ಬಿದ್ದರೆ ಜೆಲ್ ಹಾಕಬಾರದು. ರೆಪ್ಪೆ ಬಿಡಿಸಿ ನೀರಿನಿಂದ ತೊಳೆಯುತ್ತಾ, ತಡಮಾಡದೆ ಆಸ್ಪತ್ರೆ ಸೇರಿ.

ನೈಟ್ರಿಕ್ ಆಸಿಡ್‌ನದು ಇನ್ನೊಂದು ಕಾಟ. ಕಂದುಗೆಂಪು ಹೊಗೆ ಎದ್ದರೆ ಅಲ್ಲಿಂದ ಹೊರಗೆ ಬನ್ನಿ. ಅದನ್ನು ಉಸಿರಾಡಿದವರು ಆಗ ಚೆನ್ನಾಗಿದ್ದಂತೆ ಕಂಡರೂ ಹಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅವರನ್ನು ಡಾಕ್ಟರಿಗೆ ತೋರಿಸಲೇಬೇಕು.

ತೊಡಬೇಕಾದವು: ಮೊಣಕೈ ತನಕ ಬರುವ ದಪ್ಪ ನಿಯೋಪ್ರೀನ್ ಗ್ಲೌಸ್, ಕನ್ನಡಕದ ಮೇಲೆ ಪೂರ್ತಿ ಮುಖ ಮುಚ್ಚುವ ಶೀಲ್ಡ್, ಆಸಿಡ್ ತಡೆಯುವ ಏಪ್ರನ್, ರಬ್ಬರ್ ಬೂಟು. ಪ್ಯಾಂಟಿನ ಕಾಲು ಬೂಟಿನ ಹೊರಗಿರಲಿ, ಒಳಗಲ್ಲ. ಆಸ್ಪತ್ರೆಯವರು ಹಾಕುವಂಥ ತೆಳು ನೈಟ್ರೈಲ್ ಗ್ಲೌಸ್ ಸಾಲದು. ಗ್ಲೌಸ್ ಹಾಕುವ ಮುಂಚೆ ಗಾಳಿ ತುಂಬಿಸಿ, ಬಾಯಿ ಸುತ್ತಿ, ಹಿಂಡಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಎಸೆಯಿರಿ. ಪಾತ್ರೆ, ಬಕೆಟ್ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನಿನದಾಗಿರಲಿ. ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನೂ ತಿನ್ನುತ್ತದೆ. ಯಾವ ಆಸಿಡ್ ಆದರೂ ಸರಿ, ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಹಾಕಬಾರದು.

ಹಂತ 1: ಯಾವ ಗ್ರೇಡ್ ಅಂತ ತಿಳಿದುಕೊಳ್ಳಿ

304, 316, ಅವುಗಳ ಕಡಿಮೆ ಇಂಗಾಲದ 304 ಎಲ್, 316 ಎಲ್, ಇವು ಸುಲಭದವು. ಕೆಳಗೆ ಹೇಳುವುದೆಲ್ಲ ಇವಕ್ಕೆ ಸೀದಾ ಅನ್ವಯ.

303ರಲ್ಲಿ ಮೆಷಿನಿಂಗ್ ಸುಲಭವಾಗಲಿ ಅಂತ ಗಂಧಕ ಸೇರಿಸಿರುತ್ತಾರೆ. ಮಾಮೂಲಿ ನೈಟ್ರಿಕ್ ತೊಟ್ಟಿಗೆ ಹಾಕಿದರೆ ಮೈ ಕಪ್ಪಾಗಿ, ತಿಂದ ಹಾಗಾಗಿ ಹೊರಬರಬಹುದು. 410, 420ರಂಥ ಗಟ್ಟಿ ಮಾಡುವ ಸ್ಟೀಲ್‌ಗಳಲ್ಲಿ ಕ್ರೋಮಿಯಂ ಕಡಿಮೆ, ಇವೂ ಹೀಗೇ ಹಾಳಾಗಬಹುದು. ಇವಕ್ಕೆ ಪಿಕ್ಲಿಂಗ್ ಪೇಸ್ಟ್ ಹಚ್ಚಬೇಡಿ. ಮೈ ಗಟ್ಟಿಯಾಗಲಿ ಅಂತ ನೈಟ್ರೈಡಿಂಗ್, ಕಾರ್ಬುರೈಸಿಂಗ್ ಮಾಡಿದ ಭಾಗಗಳನ್ನು ಪ್ಯಾಸಿವೇಶನ್ ಮಾಡಲೇಬಾರದು. ಗ್ರೇಡ್ ಬಗ್ಗೆ ಅನುಮಾನ ಇದ್ದರೆ ಅದೇ ಮಾಲಿನ ಒಂದು ತುಂಡನ್ನು ಮೊದಲು ಹಾಕಿ ನೋಡಿ.

ಇನ್ನೊಂದು ವಿಷಯ. ವಸ್ತುವಿನಲ್ಲಿ ಎಂಎಸ್ ಬೋಲ್ಟ್, ಹಿತ್ತಾಳೆ ನಟ್, ತಾಮ್ರದ ವಾಷರ್ ಏನಾದರೂ ಉಳಿದಿದೆಯಾ ಅಂತ ಹುಡುಕಿ ತೆಗೆಯಿರಿ. ನೈಟ್ರಿಕ್ ತೊಟ್ಟಿಯಲ್ಲಿ ಇವು ಕರಗಿ ಆ ಕಂದು ಹೊಗೆ ಏಳುತ್ತದೆ.

ಹಂತ 2: ಸ್ಪ್ಯಾಟರ್, ಸ್ಕೇಲ್ ತೆಗೆಯಿರಿ

ಸಿಡಿದು ಅಂಟಿದ ವೆಲ್ಡಿಂಗ್ ಹನಿಗಳು (ಸ್ಪ್ಯಾಟರ್), ಬೆಸುಗೆಯ ಮೇಲೆ ಕೂರುವ ಗಟ್ಟಿ ಕಿಟ್ಟ (ಸ್ಲ್ಯಾಗ್), ದಪ್ಪ ಸ್ಕೇಲ್ ಇವನ್ನು ಕೈಯಿಂದಲೇ ತೆಗೆಯಬೇಕು. ಸ್ಲ್ಯಾಗ್ ಆಸಿಡ್‌ಗೆ ಬಗ್ಗುವುದಿಲ್ಲ. ಸ್ಟೇನ್‌ಲೆಸ್ ವೈರಿನ ಬ್ರಷ್, ಹೊಸ ಡಿಸ್ಕ್, ಇವು ಸ್ಟೇನ್‌ಲೆಸ್‌ಗೆ ಮಾತ್ರ ಮೀಸಲಿರಲಿ. ನಮ್ಮಲ್ಲಿ ಇಂಥ ಬ್ರಷ್ಷುಗಳ ಹಿಡಿಗೆ ನೀಲಿ ಟೇಪ್ ಸುತ್ತುತ್ತಿದ್ದೆವು. ಒಮ್ಮೆ ಎಂಎಸ್ ಮುಟ್ಟಿದ ಬ್ರಷ್ಷಿನ ಟೇಪ್ ಕಿತ್ತು ಆ ಕಡೆಯ ಪೆಟ್ಟಿಗೆಗೆ ಹಾಕುತ್ತಿದ್ದೆವು. ವಾಪಸ್ ತರುವ ಮಾತೇ ಇರಲಿಲ್ಲ.

ಗ್ರೈಂಡಿಂಗ್ ಒರಟಾಗಿ ಬಿಡಬೇಡಿ. ಒರಟು ಗೀರುಗಳಲ್ಲಿ ಕೊಳೆ, ಉಪ್ಪು ಕೂರುತ್ತದೆ. ದಪ್ಪ ಗ್ರಿಟ್‌ನಿಂದ ಶುರುಮಾಡಿದ್ದರೆ ಹಂತಹಂತವಾಗಿ ನುಣುಪಿಗೆ ಬನ್ನಿ. ಒತ್ತಿ ಹಿಡಿದು ಮೈ ನೀಲಿಯಾಗುವಷ್ಟು ಬಿಸಿ ಮಾಡಿದರೆ, ತೆಗೆಯಲು ಹೊರಟ ಬಣ್ಣವನ್ನೇ ಮತ್ತೆ ಬರಿಸಿದ ಹಾಗಾಯಿತು.

ಹಂತ 3: ಜಿಡ್ಡು ತೆಗೆಯಿರಿ

ನನ್ನನ್ನು ಕೇಳಿದರೆ ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಆಸಿಡ್ ಜಿಡ್ಡನ್ನು ಕರಗಿಸುವುದಿಲ್ಲ. ಕಟಿಂಗ್ ಆಯಿಲ್, ಬೆರಳಚ್ಚು, ಟೇಪಿನ ಗೋಂದು, ಮಾರ್ಕರ್ ಗೆರೆ, ಇವು ಇರುವ ಕಡೆ ಆಸಿಡ್ ಲೋಹವನ್ನು ಮುಟ್ಟುವುದೇ ಇಲ್ಲ. ಅಲ್ಲಿನ ಕಬ್ಬಿಣ ಅಲ್ಲೇ ಉಳಿಯುತ್ತದೆ. ತೊಟ್ಟಿಯ ಆಸಿಡ್ ಮೇಲೂ ಎಣ್ಣೆ ತೇಲಿ ಮುಂದಿನ ವಸ್ತುವಿಗೆ ಅಂಟುತ್ತದೆ.

ಬಿಸಿನೀರಿನಲ್ಲಿ ಕ್ಷಾರದ ಡಿಗ್ರೀಸರ್ ಹಾಕಿ ನೆನೆಸಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ, ತೊಳೆಯಿರಿ. ಕ್ಲೋರಿನ್ ಇರುವ ದ್ರಾವಕ ಬೇಡ. ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನ ಹಗೆ.

ಜಿಡ್ಡು ಹೋಯಿತೋ ಇಲ್ಲವೋ ಅಂತ ನೋಡಲು ಸುಲಭದ ದಾರಿ ಇದೆ. ಮೈಮೇಲೆ ಶುದ್ಧ ನೀರು ಸುರಿದು, ನಿಲ್ಲಿಸಿ ನೋಡಿ. ನೀರು ಒಂದೇ ಹಾಳೆಯ ಹಾಗೆ ಅಂಟಿಕೊಂಡು ಮೆಲ್ಲಗೆ ಇಳಿದರೆ ಮೈ ಶುದ್ಧ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಹನಿಯಾಗಿ ಒಡೆದು, ನಡುವೆ ಒಣ ಜಾಗ ಬಿಟ್ಟರೆ ಅಲ್ಲಿ ಜಿಡ್ಡಿದೆ. ಮತ್ತೆ ತೊಳೆಯಿರಿ. ಮೂರು ಸಲ ಆದರೂ ಸರಿ. ಇದಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಹಂತ 4: ವೆಲ್ಡಿಂಗ್ ಇದ್ದರೆ ಪಿಕ್ಲಿಂಗ್

ತೊಟ್ಟಿಯಲ್ಲಿ ಮುಳುಗಿಸುವ ಪಿಕ್ಲಿಂಗ್ ದೊಡ್ಡ ಕಾರ್ಖಾನೆಗಳ ಕೆಲಸ. ಅದನ್ನು ಅವರಿಗೇ ಬಿಡಿ. ಬೆಸುಗೆಗಳಿಗೆ ಪೇಸ್ಟ್ ಸಾಕು.

ನೆರಳಿನಲ್ಲಿ, ಗಾಳಿಯಾಡುವ ಕಡೆ, ತೊಳೆದ ನೀರು ಹಿಡಿದಿಡುವ ವ್ಯವಸ್ಥೆ ಇರುವ ನೆಲದ ಮೇಲೆ ಮಾಡಿ. ಬಿಸಿಲಲ್ಲಿ ಬೇಡ. ವೆಲ್ಡಿಂಗ್ ಆದ ತಕ್ಷಣ ಇನ್ನೂ ಬಿಸಿ ಇರುವಾಗಲೂ ಬೇಡ. ಪೇಸ್ಟ್ ಒಣಗಿ ಕಚ್ಚಿಕೊಂಡರೆ ಕಲೆ ಉಳಿಯುತ್ತದೆ, ಹೊಗೆಯೂ ಜಾಸ್ತಿ. ಡಬ್ಬಿಯನ್ನು ಚೆನ್ನಾಗಿ ಕದಡಿ, ಪ್ಲಾಸ್ಟಿಕ್ ಎಳೆಯ ಬ್ರಷ್ಷಿನಿಂದ ಬೆಸುಗೆ ಮತ್ತು ಅದರ ಎರಡೂ ಬದಿಯ ಬಣ್ಣ ಪೂರ್ತಿ ಮುಚ್ಚುವಂತೆ ದಪ್ಪಗೆ ಹಚ್ಚಿ. ತೆಳ್ಳಗೆ ಸವರಿದರೆ ಕೆಲಸ ಆಗುವುದಿಲ್ಲ.

ಎಷ್ಟು ಹೊತ್ತು? ಡಬ್ಬಿಯ ಮೇಲೆ ಬರೆದದ್ದೇ ಮೊದಲ ಮಾತು. ಪೇಸ್ಟಿನ ಬಲ, ಸ್ಟೀಲ್, ಹವೆ ಇವುಗಳ ಮೇಲೆ ಸಮಯ ನಿಂತಿದೆ. 304ಕ್ಕಿಂತ 316 ನಿಧಾನ, ಕ್ರೋಮಿಯಂ ಇನ್ನೂ ಹೆಚ್ಚಿರುವ ಡ್ಯೂಪ್ಲೆಕ್ಸ್ ಎಂಬ ಬಗೆ ಇನ್ನೂ ನಿಧಾನ. ಚಳಿಯಲ್ಲಿ ಎಲ್ಲವೂ ನಿಧಾನ. ಒಂದು ಮೂಲೆಯಲ್ಲಿ ಪೇಸ್ಟ್ ಸರಿಸಿ ನೋಡಿ. ನೀಲಿ, ಹಳದಿ ಏನೂ ಇಲ್ಲದೆ ಒಂದೇ ಸಮ ಬೂದು ಬಣ್ಣ ಕಂಡರೆ ಮುಗಿಯಿತು. ಇನ್ನಷ್ಟು ಹೊತ್ತು ಇದ್ದರೆ ಇನ್ನಷ್ಟು ಒಳ್ಳೆಯದು ಅಂತ ಬಿಡಬೇಡಿ. ಮೈ ಒರಟಾಗುತ್ತದೆ.

ಕನ್ನಡಿ ಪಾಲಿಶ್ ಇರುವ ಕಡೆ ಪೇಸ್ಟ್ ತಾಗಿದರೆ ಆ ಜಾಗ ಮಂಕಾಗುತ್ತದೆ. ಅಂಥ ವಸ್ತುವಿಗೆ ಎಲೆಕ್ಟ್ರೋಪಾಲಿಶಿಂಗ್ ಒಳ್ಳೆಯದು. ಫಾಸ್ಫರಿಕ್, ಸಲ್ಫ್ಯೂರಿಕ್ ಆಸಿಡ್ ಮಿಶ್ರಣದಲ್ಲಿ ಕರೆಂಟ್ ಹರಿಸಿ ಮೇಲಿನ ಏರುಗಳನ್ನು ಕರಗಿಸುವ ವಿಧಾನ ಅದು. ಬಣ್ಣವೂ ಹೋಗುತ್ತದೆ, ನುಣುಪೂ ಬರುತ್ತದೆ.

ಹಂತ 5: ತೊಳೆಯುವುದು

ಮೊದಲ ಸಲ ನೀರು ಬಿಡುವಾಗ ಪೇಸ್ಟ್ ಸಿಡಿಯುತ್ತದೆ. ಶೀಲ್ಡ್ ತೆಗೆಯಬೇಡಿ, ಎದುರಿಗೆ ಯಾರನ್ನೂ ನಿಲ್ಲಿಸಬೇಡಿ. ಮೊದಲು ಮೆಲ್ಲಗೆ, ಆಮೇಲೆ ಜೋರು ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ಲೇಟಿನ ಮೇಲೆ ಪ್ಲೇಟ್ ಕೂರಿಸಿ ಬೆಸೆದ ಸಂದು, ಬೋಲ್ಟ್ ತೂತು, ತಳ ಮುಚ್ಚಿದ ರಂಧ್ರ ಇಲ್ಲೆಲ್ಲ ಆಸಿಡ್ ಅಡಗಿರುತ್ತದೆ. ಎರಡು ದಿನ ಬಿಟ್ಟು ಅಲ್ಲಿಂದ ಹಳದಿ ನೀರು ಒಸರಿದ್ದನ್ನು ನೋಡಿದ್ದೇನೆ. ಇಳಿದು ಬರುವ ನೀರಿಗೆ ಪಿಎಚ್ ಕಾಗದ ಹಿಡಿಯಿರಿ. ನಲ್ಲಿ ನೀರಿಗೆ ಬರುವ ಬಣ್ಣವೇ ಇದಕ್ಕೂ ಬಂದರೆ ನಿಲ್ಲಿಸಿ. ಕೊನೆಯ ತೊಳೆತ ಖನಿಜ ತೆಗೆದ ನೀರಿನಲ್ಲಿ ಆದರೆ ಬಹಳ ಒಳ್ಳೆಯದು. ಉಪ್ಪು ನೀರು, ಕ್ಲೋರಿನ್ ಜಾಸ್ತಿ ಇರುವ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಹಂತ 6: ಪ್ಯಾಸಿವೇಶನ್

ಪಿಕ್ಲಿಂಗ್ ಆಗಿ ಚೆನ್ನಾಗಿ ತೊಳೆದ ಮೈ ಗಾಳಿಯಲ್ಲಿ ತಾನಾಗಿಯೂ ಪದರ ಕಟ್ಟಿಕೊಳ್ಳುತ್ತದೆ. ಆದರೂ ಸಮಯ ಇದ್ದರೆ ಪ್ಯಾಸಿವೇಶನ್ ಮಾಡುವುದು ಮೇಲು. ಪಿಕ್ಲಿಂಗ್ ಬೇಡದ ಬಿಡಿ ಭಾಗಗಳಿಗಂತೂ ಇದೇ ಮುಖ್ಯ ಕೆಲಸ.

ಹೊಸಬರಿಗೆ ನಾನು ಹೇಳುವುದು ಸಿಟ್ರಿಕ್ ಆಸಿಡ್. ನಿಂಬೆಹಣ್ಣಿನಲ್ಲಿರುವ ಆಸಿಡ್ಡೇ, ಪುಡಿಯಾಗಿ ಸಿಗುತ್ತದೆ. ನೈಟ್ರಿಕ್ ಹಾಗೆ ವಿಷದ ಹೊಗೆ ಇಲ್ಲ. ಕಬ್ಬಿಣವನ್ನು ಹಿಡಿದುಕೊಳ್ಳುವ ಗುಣ ಚೆನ್ನಾಗಿದೆ. ಅಮೆರಿಕದ ಎಎಸ್‌ಟಿಎಂ ಎ967 ಎಂಬ ಮಾನದಂಡ ಶೇ. 4ರಿಂದ 10 ತೂಕದ ದ್ರಾವಣ ಬಳಸಲು ಹೇಳುತ್ತದೆ. ದ್ರಾವಣದ ಬಿಸಿ 21ರಿಂದ 49 ಡಿಗ್ರಿ ಸೆಲ್ಸಿಯಸ್ ಇದ್ದರೆ ಕಡಿಮೆಯೆಂದರೆ 20 ನಿಮಿಷ, 49ರಿಂದ 60 ಡಿಗ್ರಿ ಇದ್ದರೆ 10 ನಿಮಿಷ, 60ರಿಂದ 71 ಡಿಗ್ರಿ ಇದ್ದರೆ 4 ನಿಮಿಷ.

ಲೆಕ್ಕ ಸುಲಭ. 10 ಲೀಟರ್ ನೀರಿಗೆ 750 ಗ್ರಾಂ ಪುಡಿ ಹಾಕಿದರೆ ಸುಮಾರು ಶೇ. 7ರ ದ್ರಾವಣ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ತೊಟ್ಟಿಯಲ್ಲಿ 55 ಡಿಗ್ರಿಗೆ ಕಾಯಿಸಿ, ಭಾಗಗಳು ಒಂದಕ್ಕೊಂದು ತಾಗದಂತೆ ಇಳಿಬಿಟ್ಟು, 20 ನಿಮಿಷ ಇಡಿ. ನಡುವೆ ಒಂದೆರಡು ಸಲ ಅಲುಗಾಡಿಸಿ. ತೂತಿನೊಳಗೆ ಗಾಳಿಗುಳ್ಳೆ ಸಿಕ್ಕಿದ್ದರೆ ಅಲ್ಲಿಗೆ ಆಸಿಡ್ ಹೋಗುವುದಿಲ್ಲ. ಹೊಗೆ ಇಲ್ಲ ಅಂತ ಗ್ಲೌಸ್, ಕನ್ನಡಕ ಬಿಡಬೇಡಿ. ಪುಡಿ, ದ್ರಾವಣ ಎರಡೂ ಕಣ್ಣಿಗೆ ಕೆಟ್ಟದ್ದು. ದ್ರಾವಣ ತುಂಬಾ ದಿನ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಿ.

ನೈಟ್ರಿಕ್ ತೊಟ್ಟಿ ಇರುವ, ಹೊಗೆ ಎಳೆಯುವ ವ್ಯವಸ್ಥೆ ಇರುವ ಕಾರ್ಖಾನೆಯಲ್ಲಿ ಅಳತೆ ಹೀಗೆ: ಗಾಢ ನೈಟ್ರಿಕ್ ಆಸಿಡ್ ಒಂದು ಪಾಲು, ನೀರು ಮೂರು ಪಾಲು, ಅಂದರೆ ಶೇ. 25. ಬಿಸಿ 50ರಿಂದ 60 ಡಿಗ್ರಿ, 20 ನಿಮಿಷ. ಕಾಯಿಸದೆ 21ರಿಂದ 32 ಡಿಗ್ರಿಯಲ್ಲಿ ಮಾಡಿದರೆ 30 ನಿಮಿಷ.

ಕಡಿಮೆ ಕ್ರೋಮಿಯಂ ಸ್ಟೀಲ್‌ಗಳಿಗೆ ನೈಟ್ರಿಕ್ ಜೊತೆ ಸೋಡಿಯಂ ಡೈಕ್ರೋಮೇಟ್ ಸೇರಿಸುವ ಪದ್ಧತಿಯೂ ಇದೆ. ಆದರೆ ಅದರಲ್ಲಿರುವುದು ಕ್ಯಾನ್ಸರ್ ತರುವ ಬಗೆಯ ಕ್ರೋಮಿಯಂ. ಬೇರೆ ದಾರಿ ಇರುವ ತನಕ ಅದರ ಹತ್ತಿರ ಹೋಗಬೇಡಿ ಅನ್ನುವುದು ನನ್ನ ಮಾತು.

ಹೊರತೆಗೆದ ಕೂಡಲೇ, ದ್ರಾವಣ ಒಣಗುವ ಮುಂಚೆ, ಮತ್ತೆ ಹಂತ 5ರ ಹಾಗೇ ತೊಳೆಯಿರಿ. ಶುದ್ಧ ಬಟ್ಟೆಯಿಂದ ಒರೆಸಿ ಅಥವಾ ಎಣ್ಣೆ ಇಲ್ಲದ ಗಾಳಿ ಊದಿ ಒಣಗಿಸಿ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಬರುತ್ತಿದೆಯಾ ಅಂತ ಮೊದಲು ಬಿಳಿ ಕಾಗದಕ್ಕೆ ಊದಿ ನೋಡಿ.

ಹಂತ 7: ಪರೀಕ್ಷೆ

ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು. ಸುಲಭದ್ದು ನೀರಿನ ಪರೀಕ್ಷೆ. ಶುದ್ಧ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ, ಒಂದು ಗಂಟೆ ಗಾಳಿಗೆ ಒಣಗಲು ಬಿಟ್ಟು, ಹೀಗೇ 24 ಗಂಟೆ ಮಾಡಿ. ಕಬ್ಬಿಣ ಉಳಿದಿದ್ದರೆ ತುಕ್ಕಿನ ಚುಕ್ಕೆ ಎದ್ದು ಕಾಣುತ್ತದೆ.

ಬೇಗ ಬೇಕಾದರೆ ಮೈಲುತುತ್ತ (ಕಾಪರ್ ಸಲ್ಫೇಟ್). 250 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 1 ಮಿಲಿಲೀಟರ್ ಗಾಢ ಸಲ್ಫ್ಯೂರಿಕ್ ಆಸಿಡ್, 4 ಗ್ರಾಂ ಮೈಲುತುತ್ತ. ಹತ್ತಿಯಿಂದ ಹಚ್ಚಿ 6 ನಿಮಿಷ ಒಣಗದಂತೆ ನೋಡಿಕೊಳ್ಳಿ. ಆಮೇಲೆ ಮೆಲ್ಲಗೆ ತೊಳೆದು ನೋಡಿ. ಕಬ್ಬಿಣ ಇರುವ ಕಡೆ ತಾಮ್ರ ಕೂತು ನಸುಗೆಂಪು ಮೂಡುತ್ತದೆ. ಮೊದಲ ಸಲ ಇದನ್ನು ನಾನು ನೋಡಿದ್ದು ಫಳಫಳ ಹೊಳೆಯುತ್ತಿದ್ದ ಒಂದು ಪ್ಲೇಟಿನ ಮೇಲೆ. ತೊಳೆದ ಮೇಲೆ ವೈರ್ ಬ್ರಷ್ ಎಳೆದ ಒಂದೊಂದು ಗೆರೆಯೂ ಗುಲಾಬಿ ಬಣ್ಣದಲ್ಲಿ ಎದ್ದು ಬಂದಿತ್ತು. ಯಾರು ಯಾವ ಕೈಯಲ್ಲಿ ಉಜ್ಜಿದ್ದರು ಅಂತ ಹೇಳಬಹುದಿತ್ತು, ಅಷ್ಟು ಸ್ಪಷ್ಟ. ಆದರೆ ಆಹಾರ ತಾಗುವ ಮೈಗೆ ಈ ಪರೀಕ್ಷೆ ಬೇಡ. 410, 420ಕ್ಕೂ ಬೇಡ. ಅವುಗಳಲ್ಲಿ ಸ್ಟೀಲಿನ ಮೈಯೇ ತಾಮ್ರ ಹಿಡಿದು ಸುಳ್ಳು ಫಲಿತಾಂಶ ಕೊಡಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು ಫೆರಾಕ್ಸಿಲ್ ಪರೀಕ್ಷೆ. ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಸ್ವಲ್ಪ ನೈಟ್ರಿಕ್ ಆಸಿಡ್ ಇರುವ ದ್ರಾವಣ ಸಿಂಪಡಿಸಿದರೆ, ಕಬ್ಬಿಣ ಇರುವ ಕಡೆ 15 ಸೆಕೆಂಡಿನೊಳಗೆ ನೀಲಿ ಬಣ್ಣ ಬರುತ್ತದೆ. ದ್ರಾವಣವನ್ನು ಅವತ್ತೇ ಮಾಡಿ ಬಳಸಬೇಕು, ಪರೀಕ್ಷೆ ಆದ ಮೇಲೆ ಪೂರ್ತಿ ತೊಳೆದು ತೆಗೆಯಬೇಕು. ಬಿಸಿ, ಗಾಢ ಆಸಿಡ್ ಹತ್ತಿರ ಇದನ್ನು ಇಡಬೇಡಿ, ವಿಷಾನಿಲ ಬರುತ್ತದೆ. ಆಹಾರ ತಾಗುವ ವಸ್ತುಗಳಿಗೆ ಇದನ್ನೂ ಬಳಸಬಾರದು.

ಪರೀಕ್ಷೆಯಲ್ಲಿ ಸೋತರೆ ಆಸಿಡ್ ಬಲ ಹೆಚ್ಚಿಸಲು ಹೋಗಬೇಡಿ. ಹಂತ 3ಕ್ಕೆ ವಾಪಸ್ ಹೋಗಿ. ಹೆಚ್ಚಿನ ಸಲ ತಪ್ಪು ಅಲ್ಲೇ ಆಗಿರುತ್ತದೆ.

ಉಳಿದ ಆಸಿಡ್ ಮತ್ತು ತೊಳೆದ ನೀರು

ಇದನ್ನು ಮೋರಿಗೆ ಬಿಡಲೇಬಾರದು. ಇದರಲ್ಲಿ ಆಸಿಡ್ ಮಾತ್ರವಲ್ಲ, ಕರಗಿದ ನಿಕ್ಕಲ್, ಕ್ರೋಮಿಯಂ ಕೂಡ ಇರುತ್ತದೆ. ಪಿಕ್ಲಿಂಗ್ ನೀರಿಗೆ ನೀರಿನಲ್ಲಿ ಕಲಸಿದ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕದಡುತ್ತಾ ಹೋಗಬೇಕು. ಒಟ್ಟಿಗೆ ಸುರಿದರೆ ಕುದಿದು ಸಿಡಿಯಬಹುದು. ಸುಣ್ಣವೇ ಯಾಕೆ ಅಂದರೆ, ಅದರ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಬರೀ ಕಾಸ್ಟಿಕ್ ಸೋಡಾ ಆ ಕೆಲಸ ಮಾಡುವುದಿಲ್ಲ. ಲೋಹಗಳೂ ಸುಣ್ಣಕ್ಕೆ ಕೆಸರಾಗಿ ಕೂರುತ್ತವೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ವಿಲೇವಾರಿ ಮಾಡಲು ಪರವಾನಗಿ ಇರುವವರಿಗೇ ಕೊಡಬೇಕು.

ಸಿಟ್ರಿಕ್ ದ್ರಾವಣ ನಿರಪಾಯ ಅಂತ ಚೆಲ್ಲುವವರಿದ್ದಾರೆ. ಹೊಸ ದ್ರಾವಣದ ಮಾತು ಬೇರೆ, ಬಳಸಿದ ದ್ರಾವಣದ ಮಾತು ಬೇರೆ. ಅದು ಲೋಹವನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಷ್ಟು ಬಿಗಿ ಅಂದರೆ, ಸುಣ್ಣ ಹಾಕಿದರೂ ಲೋಹ ಸುಲಭವಾಗಿ ತಳಕ್ಕೆ ಕೂರುವುದಿಲ್ಲ. ಅದನ್ನೂ ಬೇರೆಯಾಗಿ ಶೇಖರಿಸಿ, ಅವರಿಗೇ ಒಪ್ಪಿಸಿ.

ಮನೆಯ ಸಿಂಕ್, ಪಾತ್ರೆ

ಇದಕ್ಕೆ ಇಷ್ಟೆಲ್ಲ ಬೇಡ. ಸಿಂಕಿನಲ್ಲಿ ಕಂದು ಚುಕ್ಕೆ ಇದ್ದರೆ ಹೆಚ್ಚಾಗಿ ಅದು ಕಬ್ಬಿಣದ ಬಾಣಲೆಯಿಂದಲೋ ಸ್ಟೀಲ್ ವುಲ್ ಚೂರಿನಿಂದಲೋ ಬಂದದ್ದು. ಪಾತ್ರೆಯ ಸೋಪಿನಿಂದ ಜಿಡ್ಡು ತೆಗೆದು, ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಪುಡಿ ಕರಗಿಸಿ, ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಅರ್ಧ ಗಂಟೆ ಹೊದಿಸಿ. ಆಮೇಲೆ ಸ್ಟೀಲಿನ ಗೆರೆ ಇರುವ ದಿಕ್ಕಿನಲ್ಲೇ ಮೆತ್ತಗೆ ಉಜ್ಜಿ, ತೊಳೆದು, ಒರೆಸಿ. ಟಾಯ್ಲೆಟ್ ಕ್ಲೀನರ್, ಬ್ಲೀಚ್ ಎರಡನ್ನೂ ಸ್ಟೇನ್‌ಲೆಸ್ ಹತ್ತಿರ ತರಬೇಡಿ. ಹೈಡ್ರೋಕ್ಲೋರಿಕ್ ಆಸಿಡ್ ಇರುವ ಕ್ಲೀನರ್ ಪದರವನ್ನೇ ಮುರಿದು ಗುಳಿ ಬೀಳಿಸುತ್ತದೆ. ಅವೆರಡನ್ನು ಒಟ್ಟಿಗೆ ಬೆರೆಸಿದರಂತೂ ಕ್ಲೋರಿನ್ ಅನಿಲವೇ ಬರುತ್ತದೆ.

ಮುಗಿದ ಮೇಲೆ

ಪ್ಯಾಸಿವೇಶನ್ ಆದ ಮೈಗೆ ಮತ್ತೆ ಕಬ್ಬಿಣ ಅಂಟಿದರೆ ಕಥೆ ಮೊದಲಿನಿಂದ ಶುರು. ರ‍್ಯಾಕಿಗೆ ಮರದ ಹಲಗೆ ಅಥವಾ ರಬ್ಬರ್ ಹಾಸಿ. ಫೋರ್ಕ್‌ಲಿಫ್ಟಿನ ಕೈಗೆ ಪ್ಲಾಸ್ಟಿಕ್ ಕವಚ ಹಾಕಿ. ಪಕ್ಕದಲ್ಲಿ ಎಂಎಸ್ ಗ್ರೈಂಡಿಂಗ್ ನಡೆಯುತ್ತಿದ್ದರೆ ಹೊದಿಕೆ ಮುಚ್ಚಿ.

ಆ ವಾಪಸ್ ಬಂದ ಟ್ಯಾಂಕಿಗೆ ಪಿಕ್ಲಿಂಗ್ ಬೇಕಾಗಲಿಲ್ಲ. ಬೆಸುಗೆಗಳು ಸರಿಯಾಗಿಯೇ ಇದ್ದವು. ಜಿಡ್ಡು ತೆಗೆದು, ಚುಕ್ಕೆಗಳ ಸಾಲಿನ ಉದ್ದಕ್ಕೂ ಸಿಟ್ರಿಕ್ ಜೆಲ್ ಹಚ್ಚಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟೆವು. ತೊಳೆದಾಗ ಕಂದು ಬಣ್ಣ ನೀರಿನ ಜೊತೆ ಇಳಿದು ಹೋಯಿತು. ಮೇಸ್ತ್ರಿ ಒಂದು ರಾತ್ರಿಯಿಡೀ ಟ್ಯಾಂಕಿನ ಮೇಲೆ ಹಸಿ ಬಟ್ಟೆ ಹೊದಿಸಿ, ಬೆಳಿಗ್ಗೆ ಮತ್ತೆ ಟಾರ್ಚ್ ಹಿಡಿದು ಆ ಓರೆ ಸಾಲನ್ನು ಬೆರಳಿನಷ್ಟು ದೂರದಿಂದ ನೋಡುತ್ತಾ ಹೋದರು. ಒಂದು ಚುಕ್ಕೆಯೂ ಇರಲಿಲ್ಲ. ಲಾರಿಗೆ ಏರಿಸುವಾಗ ಸರಪಳಿಯ ಬದಲು ನೈಲಾನ್ ಬೆಲ್ಟ್ ಹಾಕಿಸಿದರು.